ಎದೆ ಬಡಿಯುತ್ತಿದ್ದರೂ ಮಾತು ತಪ್ಪದಂತೆ: ಉದ್ಯೋಗ ಸಂದರ್ಶನಕ್ಕೆ ಸಿದ್ಧರಾಗುವ ಬಗೆ

ಉದ್ಯೋಗ ಸಂದರ್ಶನದಲ್ಲಿ ಬಹಳಷ್ಟು ಮಂದಿ ಎಡವುವುದು "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಎಂಬ ಮೊದಲ ಪ್ರಶ್ನೆಯಲ್ಲಿಯೇ. ಅದಕ್ಕೆ ಉತ್ತರ ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ಬಾಯಿ ಒಣಗುತ್ತದೆ, ಮಾತು ವೇಗ ಹಿಡಿಯುತ್ತದೆ, ಹೇಳಬೇಕೆಂದುಕೊಂಡಿದ್ದ ಮುಖ್ಯವಾದ ಸಂಗತಿ ನಾಲಗೆಯ ತುದಿಯವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ, ಮತ್ತು ಅದು ನೆನಪಾಗುವುದು ಹೊರಗೆ ಬಂದು ಮೆಟ್ಟಿಲಿಳಿಯುವಾಗ. ಅಭ್ಯರ್ಥಿಯ ಕುರ್ಚಿಯಲ್ಲೂ ಆಯ್ಕೆ ಸಮಿತಿಯ ಕುರ್ಚಿಯಲ್ಲೂ ಹಲವು ವರ್ಷ ಕುಳಿತ ಮೇಲೆ ನನಗೆ ಖಚಿತವಾಗಿರುವ ಮಾತೆಂದರೆ, ಅಳುಕನ್ನು ಓಡಿಸಲು ಹೊರಟವರಿಗಿಂತ, ಅಳುಕಿದ್ದಾಗಲೂ ಕೈಕೊಡದಷ್ಟು ತಮ್ಮ ಉತ್ತರಗಳನ್ನು ಪಳಗಿಸಿಕೊಂಡವರೇ ಸಂದರ್ಶನವನ್ನು ಚೆನ್ನಾಗಿ ನಿಭಾಯಿಸುತ್ತಾರೆ. ಹಾಗೆ ಪಳಗಿಸಿಕೊಳ್ಳುವ ಕ್ರಮವನ್ನು ಮುಂದೆ ವಿವರಿಸಿದ್ದೇನೆ.

ಅಳುಕು ಏಕೆ ಹುಟ್ಟುತ್ತದೆ, ಅದು ಎಲ್ಲಿ ಕೆಡುಕು ಮಾಡುತ್ತದೆ

ಅಪಾಯ ಎದುರಾದಾಗ ಪ್ರಾಣಿಯ ದೇಹ ಹೋರಾಟಕ್ಕೋ ಓಟಕ್ಕೋ ಸಜ್ಜಾಗುತ್ತದೆ ಎಂಬುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರವಾಗಿ ಬರೆದರು. ಮೂತ್ರಪಿಂಡಗಳ ಮೇಲೆ ಕುಳಿತಿರುವ ಪುಟ್ಟ ಗ್ರಂಥಿಗಳು ಅಡ್ರಿನಾಲಿನ್ ಸುರಿಸುತ್ತವೆ, ಹೃದಯ ವೇಗವಾಗಿ ಬಡಿಯುತ್ತದೆ, ರಕ್ತ ದೊಡ್ಡ ಸ್ನಾಯುಗಳ ಕಡೆಗೆ ಹರಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಬಾಯಿಯ ಪಸೆ ಆರುತ್ತದೆ. ಮೇಜಿನ ಆಚೆ ಕುಳಿತ ಮೂವರು ಅಪರಿಚಿತರು ನಮ್ಮನ್ನು ತೂಗಿ ನೋಡುತ್ತಿದ್ದಾರೆ ಎಂಬ ಅರಿವಿಗೂ ದೇಹ ಹೀಗೆಯೇ ಪ್ರತಿಕ್ರಿಯಿಸುತ್ತದೆ. ಆದ್ದರಿಂದ ಅಂಗೈ ಬೆವರುವುದನ್ನು ಅಸಾಮರ್ಥ್ಯದ ಗುರುತೆಂದು ಯಾರೂ ತಿಳಿಯಬೇಕಾಗಿಲ್ಲ. ಮುಖ್ಯವೆಂದು ತೋರಿದ ಸಂಗತಿಗೆ ದೇಹ ತನ್ನ ಬಲವನ್ನೆಲ್ಲ ಒಟ್ಟುಗೂಡಿಸುತ್ತಿದೆ ಎಂಬುದಷ್ಟೇ ಅದರ ಅರ್ಥ.

ಈ ಉದ್ವೇಗ ಎಲ್ಲ ಕೆಲಸವನ್ನೂ ಒಂದೇ ರೀತಿಯಲ್ಲಿ ಕೆಡಿಸುವುದಿಲ್ಲ ಎಂಬುದು ನಮಗೆ ಇಲ್ಲಿ ಬಹಳ ಉಪಯೋಗಕ್ಕೆ ಬರುವ ವಿಷಯ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಸುಲಭವಾದ ಪಾಠವನ್ನು ಇಲಿಗಳು ಜೋರಾದ ವಿದ್ಯುತ್ ಆಘಾತದಡಿಯಲ್ಲೂ ಬೇಗ ಕಲಿತವು, ಆದರೆ ಕಷ್ಟದ ಪಾಠಕ್ಕೆ ಬಂದಾಗ ಆಘಾತ ಮಿತವಾಗಿದ್ದಾಗಲೇ ಚೆನ್ನಾಗಿ ಕಲಿತವು. ಇಲಿಯಿಂದ ಮನುಷ್ಯನವರೆಗೆ ನೇರ ಗೆರೆ ಎಳೆಯುವುದು ತಪ್ಪಾದೀತು, ಆದರೂ ನಮ್ಮ ಅನುಭವ ಇದಕ್ಕೆ ಹೊಂದಿಕೊಳ್ಳುತ್ತದೆ. ಎಷ್ಟೇ ಹೆದರಿದ್ದರೂ ನಮ್ಮ ಹೆಸರು ಹೇಳಲು ನಾವು ತಡವರಿಸುವುದಿಲ್ಲ, ಏಕೆಂದರೆ ಅದನ್ನು ಸಾವಿರಾರು ಸಲ ಹೇಳಿದ್ದೇವೆ. "ನೀವು ಎದುರಿಸಿದ ಒಂದು ಕಠಿಣ ಸನ್ನಿವೇಶವನ್ನು ವಿವರಿಸಿ" ಎಂದಾಗ ಮಾತ್ರ ತಡವರಿಸುತ್ತೇವೆ, ಏಕೆಂದರೆ ಯಾವ ಘಟನೆ ಎಂದು ಹುಡುಕುವುದು, ಅದನ್ನು ಜೋಡಿಸುವುದು, ಪದ ಆರಿಸುವುದು ಮತ್ತು ಎದುರಿನವರ ಮುಖ ನೋಡುವುದು ಎಲ್ಲವೂ ಒಟ್ಟಿಗೆ, ಆ ಕ್ಷಣದಲ್ಲೇ ಆಗಬೇಕು. ಉದ್ವೇಗವನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿ ಸ್ವಲ್ಪ ಮಾತ್ರ ಇದೆ. ಕಷ್ಟದ ಕೆಲಸವನ್ನು ಮೊದಲೇ ಸುಲಭ ಮಾಡಿಟ್ಟುಕೊಳ್ಳುವುದು ಬಹುಪಾಲು ನಮ್ಮ ಕೈಯಲ್ಲೇ ಇದೆ.

ಘಟನೆಗಳನ್ನು ಆರಿಸಿಕೊಳ್ಳುವುದು

ಮೊದಲು ಉದ್ಯೋಗದ ಪ್ರಕಟಣೆಯನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ನಿಧಾನವಾಗಿ ಓದಿ. ಅದರಲ್ಲಿ ಎರಡು ಮೂರು ಕಡೆ ಮತ್ತೆ ಮತ್ತೆ ಬರುವ ಅಗತ್ಯಗಳ ಕೆಳಗೆ ಗೆರೆ ಎಳೆಯಿರಿ: ಗಡುವಿನೊಳಗೆ ಕೆಲಸ ಮುಗಿಸುವುದು, ಗ್ರಾಹಕರೊಂದಿಗೆ ವ್ಯವಹರಿಸುವುದು, ಲೆಕ್ಕಪತ್ರದಲ್ಲಿ ನಿಖರತೆ, ಇತರರಿಗೆ ಕಲಿಸುವ ಸಾಮರ್ಥ್ಯ, ಹೀಗೆ. ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಗೆರೆಗಳಿಂದಲೇ ಹುಟ್ಟುತ್ತವೆ. ಪ್ರಶ್ನೆಗಳ ಪಟ್ಟಿಯನ್ನು ಎಲ್ಲಿಂದಲೋ ತಂದು ನೂರು ಉತ್ತರ ಬರೆದಿಟ್ಟುಕೊಳ್ಳುವುದಕ್ಕಿಂತ ಈ ಗೆರೆಗಳ ಎದುರು ನಿಮ್ಮ ಬದುಕಿನ ಆರೇಳು ಘಟನೆಗಳನ್ನು ಬರೆದುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಚೆನ್ನಾಗಿ ಆರಿಸಿದ ಒಂದು ಘಟನೆ ನಾಲ್ಕೈದು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗಬಲ್ಲದು.

ಘಟನೆಗಳು ದೊಡ್ಡವಾಗಿರಬೇಕಿಲ್ಲ, ಆದರೆ ನಿಜವಾಗಿರಬೇಕು ಮತ್ತು ಅವುಗಳಲ್ಲಿ ನೀವೇ ಏನಾದರೂ ಮಾಡಿರಬೇಕು. ಇದೇ ಮೊದಲ ಕೆಲಸ ಹುಡುಕುತ್ತಿರುವವರು ತಮಗೆ ಹೇಳಲು ಏನೂ ಇಲ್ಲವೆಂದು ಕೊರಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ, ಮತ್ತು ಪ್ರತಿ ಸಲವೂ ಅದು ನನಗೆ ನೋವು ತಂದಿದೆ. ಓದುವಾಗ ಮಾಡಿದ ಪ್ರಾಜೆಕ್ಟ್, ತಂಡದಲ್ಲೊಬ್ಬರು ಕೈಬಿಟ್ಟಾಗ ಅದನ್ನು ಮುಗಿಸಿದ ರೀತಿ, ಕಾರ್ಯಕ್ರಮವೊಂದರ ಹಣದ ಲೆಕ್ಕ ನೋಡಿಕೊಂಡದ್ದು, ಮನೆಯಲ್ಲಿ ದೀರ್ಘಕಾಲ ಕಾಯಿಲೆ ಬಿದ್ದವರ ಔಷಧಿ ಮತ್ತು ತಪಾಸಣೆಯ ದಿನಗಳನ್ನು ತಪ್ಪದೆ ನಿಭಾಯಿಸಿದ್ದು, ಇವೆಲ್ಲವೂ ಜವಾಬ್ದಾರಿಯ ಸಾಕ್ಷಿಗಳೇ.

ಒಂದು ಉದಾಹರಣೆ ನೋಡೋಣ. ಗೋದಾಮಿನ ಮೇಲ್ವಿಚಾರಣೆಯ ಕೆಲಸಕ್ಕೆ ಬಂದ ಅಭ್ಯರ್ಥಿಯೊಬ್ಬರು "ನಾನು ತುಂಬ ಶಿಸ್ತಿನ ವ್ಯಕ್ತಿ, ಸಮಸ್ಯೆ ಬಂದರೆ ತಾಳ್ಮೆಯಿಂದ ಪರಿಹರಿಸುತ್ತೇನೆ, ತಂಡದೊಂದಿಗೆ ಹೊಂದಿಕೊಂಡು ಹೋಗುತ್ತೇನೆ" ಎಂದರೆ ಕೇಳುವವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಈ ಮಾತನ್ನು ಅವರು ಆ ದಿನ ಬೆಳಗಿನಿಂದ ಹಲವರ ಬಾಯಲ್ಲಿ ಕೇಳಿರುತ್ತಾರೆ. ಅದೇ ಅಭ್ಯರ್ಥಿ ಹೀಗೆ ಹೇಳಿದರೆ ಹೇಗಿರುತ್ತದೆ: "ನಮ್ಮ ಗೋದಾಮಿನಲ್ಲಿ ಕಂಪ್ಯೂಟರ್ ತೋರಿಸುವ ದಾಸ್ತಾನಿಗೂ ಕಪಾಟಿನಲ್ಲಿರುವ ಸರಕಿಗೂ ಪ್ರತಿ ತಿಂಗಳು ತಾಳೆಯಾಗುತ್ತಿರಲಿಲ್ಲ. ಅದರ ಕಾರಣ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಎರಡು ವಾರ ಸರಕು ಇಳಿಸುವ ಹೊತ್ತಿಗೆ ಅಲ್ಲೇ ನಿಂತು ನೋಡಿದಾಗ, ಹಿಂದಿರುಗಿ ಬಂದ ಪೆಟ್ಟಿಗೆಗಳನ್ನು ಯಾರೂ ದಾಖಲಿಸುತ್ತಿಲ್ಲ ಎಂಬುದು ತಿಳಿಯಿತು. ಅವುಗಳಿಗೆ ಪ್ರತ್ಯೇಕ ಜಾಗ ಮತ್ತು ಪ್ರತ್ಯೇಕ ಪುಸ್ತಕ ಇಟ್ಟೆ. ಮೂರನೆಯ ತಿಂಗಳಿಗೆ ಲೆಕ್ಕ ಬಹುಮಟ್ಟಿಗೆ ಸರಿಹೊಂದಿತು. ಆದರೆ ರಾತ್ರಿ ಪಾಳಿಯವರಿಗೆ ಮೊದಲೇ ವಿವರಿಸದೆ ಹೋದದ್ದರಿಂದ ಮೊದಲ ತಿಂಗಳು ವ್ಯರ್ಥವಾಯಿತು; ಈಗ ಅಂಥ ಬದಲಾವಣೆಯನ್ನು ಎಲ್ಲ ಪಾಳಿಯವರಿಗೂ ತಿಳಿಸಿದ ಮೇಲೆಯೇ ಜಾರಿಗೆ ತರುತ್ತೇನೆ." ಇಲ್ಲಿ ಶಿಸ್ತು, ತಾಳ್ಮೆ ಎಂಬ ಪದಗಳು ಒಮ್ಮೆಯೂ ಬಂದಿಲ್ಲ, ಆದರೆ ಕೇಳಿದವರು ಆ ಪದಗಳನ್ನು ತಾವೇ ತಮ್ಮ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ.

ಆ ಉತ್ತರದ ಕಟ್ಟಡವನ್ನು ಗಮನಿಸಿ. ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಯಾವುದು, ನೀವು ಏನು ಮಾಡಿದಿರಿ, ಏನಾಯಿತು ಎಂಬ ನಾಲ್ಕು ಮೆಟ್ಟಿಲುಗಳು ಅದರಲ್ಲಿವೆ. ಕೊನೆಯಲ್ಲಿ ಏನು ಕಲಿತಿರಿ ಎಂಬ ಐದನೆಯದನ್ನು ಸೇರಿಸಿದರೆ ಇನ್ನೂ ಒಳ್ಳೆಯದು. ಹೆಚ್ಚಿನವರು ಪರಿಸ್ಥಿತಿಯನ್ನು ವಿವರಿಸುವುದರಲ್ಲೇ ಎರಡು ನಿಮಿಷ ಕಳೆದು, ತಾವು ಮಾಡಿದ ಕೆಲಸವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅದು ತಲೆಕೆಳಗಾಗಬೇಕು. "ನಾವು ಮಾಡಿದೆವು" ಎಂಬ ಮಾತಿನ ಹಿಂದೆ ಅಡಗಿಕೊಳ್ಳುವ ವಿನಯವಂತರೂ ಅನೇಕರಿದ್ದಾರೆ. ಅವರ ವಿನಯದ ಬಗ್ಗೆ ನನಗೆ ಗೌರವವಿದೆ, ಆದರೆ ಸಮಿತಿ ಕೆಲಸ ಕೊಡಬೇಕಾಗಿರುವುದು ಒಬ್ಬರಿಗೆ, ಮತ್ತು ಆ ಒಬ್ಬರು ಏನು ಮಾಡಿದರೆಂದು ತಿಳಿಯದಿದ್ದರೆ ಅಂಕ ಕೊಡಲು ಅವರಿಗೆ ದಾರಿಯಿರುವುದಿಲ್ಲ.

ಬಾಯಿಬಿಟ್ಟು ಹೇಳಿ ನೋಡುವುದು

ಘಟನೆಗಳನ್ನು ಬರೆದಿಟ್ಟು ಮತ್ತೆ ಮತ್ತೆ ಓದುವುದರಿಂದ ಎಲ್ಲ ಬರುತ್ತದೆ ಎಂಬ ಭಾವನೆ ಹುಟ್ಟುತ್ತದೆ, ಮತ್ತು ಆ ಭಾವನೆಯೇ ಮೋಸ ಮಾಡುವುದು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ಪಾಠವನ್ನು ಪದೇ ಪದೇ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರ ಮುಂದಿದ್ದರು, ಆದರೆ ಒಂದು ವಾರದ ನಂತರ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಹೆಚ್ಚು ನೆನಪಿಟ್ಟುಕೊಂಡಿದ್ದರು. ಸಂದರ್ಶನದಲ್ಲಿ ನಡೆಯುವುದೂ ಹಾಳೆಯಿಲ್ಲದೆ ನೆನಪಿನಿಂದ ಹೊರತೆಗೆಯುವ ಕೆಲಸವೇ, ಆದ್ದರಿಂದ ಅಭ್ಯಾಸವೂ ಹಾಗೆಯೇ ಇರಬೇಕು. ಹಾಳೆಯನ್ನು ಮಗುಚಿಟ್ಟು, ಧ್ವನಿ ಹೊರಡಿಸಿ, ಪೂರ್ತಿ ವಾಕ್ಯಗಳಲ್ಲಿ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡಾಗ ನುಣುಪಾಗಿ ಸಾಗಿದ ಉತ್ತರ ಬಾಯಿಂದ ಬರುವಾಗ ಎಲ್ಲೆಲ್ಲಿ ಎಡವುತ್ತದೆ ಎಂಬುದು ಮೊದಲ ಸಲವೇ ತಿಳಿದುಬರುತ್ತದೆ.

ಪದಕ್ಕೆ ಪದ ಕಂಠಪಾಠ ಮಾಡಬೇಡಿ. ಕಂಠಪಾಠ ಮಾಡಿದ ಉತ್ತರದಲ್ಲಿ ಒಂದು ಪದ ಜಾರಿದರೆ ಅದರ ಮುಂದಿನದೆಲ್ಲ ಜಾರುತ್ತದೆ, ಮತ್ತು ಕೇಳುವವರಿಗೆ ಅದು ಕಂಠಪಾಠವೆಂದು ತಕ್ಷಣ ಗೊತ್ತಾಗುತ್ತದೆ. ಘಟನೆಯ ಮೆಟ್ಟಿಲುಗಳನ್ನಷ್ಟೇ ನೆನಪಿಟ್ಟುಕೊಂಡು ಪ್ರತಿ ಸಲವೂ ಬೇರೆ ಮಾತುಗಳಲ್ಲಿ ಹೇಳಿ. ನಡೆಯುತ್ತಾ ಹೇಳಿ, ಪಾತ್ರೆ ತೊಳೆಯುತ್ತಾ ಹೇಳಿ, ಒಂದು ನಿಮಿಷಕ್ಕೆ ಕುಗ್ಗಿಸಿ ಹೇಳಿ, ಮೂರು ನಿಮಿಷಕ್ಕೆ ಹಿಗ್ಗಿಸಿ ಹೇಳಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳುವುದು ಆರಂಭದಲ್ಲಿ ಮುಜುಗರ ತರುತ್ತದೆ, ಆದರೆ ಯಾವ ಜಾಗದಲ್ಲಿ ಓಡುತ್ತೀರಿ, ಯಾವ ವಾಕ್ಯದ ಕೊನೆ ನುಂಗಿಹೋಗುತ್ತದೆ ಎಂಬುದನ್ನು ತೋರಿಸಲು ಅದಕ್ಕಿಂತ ಪ್ರಾಮಾಣಿಕವಾದ ಕನ್ನಡಿ ಇಲ್ಲ.

"ನಿಮ್ಮ ಬಗ್ಗೆ ಹೇಳಿ" ಎಂಬುದಕ್ಕೆ ಮಾತ್ರ ವಿಶೇಷ ಸಿದ್ಧತೆ ಬೇಕು. ಅದು ಬಹುಪಾಲು ಮೊದಲು ಬರುತ್ತದೆ, ಉದ್ವೇಗ ತುತ್ತತುದಿಯಲ್ಲಿರುವಾಗ ಬರುತ್ತದೆ. ಹುಟ್ಟಿದ್ದು, ಓದಿದ್ದು ಎಂದು ಕಾಲಾನುಕ್ರಮದಲ್ಲಿ ಹೊರಡದೆ, ಈಗ ಏನು ಮಾಡುತ್ತಿದ್ದೀರಿ, ಅಲ್ಲಿಗೆ ಹೇಗೆ ಬಂದಿರಿ, ಈ ಕೆಲಸಕ್ಕೆ ಏಕೆ ಬಂದಿದ್ದೀರಿ ಎಂಬ ಮೂರು ಮಾತುಗಳನ್ನು ಒಂದೂವರೆ ನಿಮಿಷದಲ್ಲಿ ಮುಗಿಸಿ. ಇದರ ಮೊದಲ ಎರಡು ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. ಆ ಎರಡು ವಾಕ್ಯಗಳು ನಡುಗದೆ ಹೊರಬಿದ್ದರೆ ಧ್ವನಿ ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಸಾಧ್ಯವಾದರೆ ಬೇರೆಯವರ ಎದುರು ಎರಡು ಸಲವಾದರೂ ಅಣಕು ಸಂದರ್ಶನ ಮಾಡಿ. ಅತಿ ಆತ್ಮೀಯರಿಗಿಂತ ಸ್ವಲ್ಪ ದೂರದ ಪರಿಚಯದವರು ಇದಕ್ಕೆ ಒಳ್ಳೆಯದು, ಏಕೆಂದರೆ ಅವರ ಎದುರು ನಿಮಗೆ ತುಸು ಅಳುಕಾಗುತ್ತದೆ, ಮತ್ತು ಆ ಅಳುಕಿನೊಂದಿಗೆ ಮಾತನಾಡಿ ಅಭ್ಯಾಸವಾಗಬೇಕಾಗಿರುವುದೇ ನಮಗೆ ಬೇಕಾದದ್ದು. ಕುರ್ಚಿ ಎಳೆದು ಕೂರುವುದರಿಂದ ಹಿಡಿದು ಎದ್ದು ಹೊರಡುವವರೆಗೆ ನಡುವೆ ನಿಲ್ಲಿಸದೆ ಮಾಡಿ. ತಿದ್ದುಪಡಿಗಳೆಲ್ಲ ಮುಗಿದ ಮೇಲೆ ಬರಲಿ.

ಹೆದರಿಸುವ ಪ್ರಶ್ನೆಗಳು

ಪ್ರತಿಯೊಬ್ಬರಿಗೂ "ಇದೊಂದನ್ನು ಕೇಳದಿದ್ದರೆ ಸಾಕು" ಎನ್ನುವ ಒಂದು ಪ್ರಶ್ನೆ ಇರುತ್ತದೆ. ಎರಡು ವರ್ಷ ಕೆಲಸವಿಲ್ಲದೆ ಇದ್ದದ್ದು, ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದದ್ದು, ಹಿಂದಿನ ಕೆಲಸದಿಂದ ತೆಗೆದುಹಾಕಿದ್ದು, ಪದೇ ಪದೇ ಕೆಲಸ ಬದಲಿಸಿದ್ದು, ಇವುಗಳಲ್ಲಿ ನಿಮ್ಮದು ಯಾವುದೋ ಅದನ್ನೇ ಮೊದಲು ಎತ್ತಿಕೊಳ್ಳಿ. ಆ ಪ್ರಶ್ನೆ ಬರಬಹುದೆಂಬ ನಿರೀಕ್ಷೆಯೇ ಉಳಿದ ಉತ್ತರಗಳ ಮೇಲೂ ನೆರಳು ಚೆಲ್ಲುತ್ತಿರುತ್ತದೆ, ಅದಕ್ಕೆ ಉತ್ತರ ಸಿದ್ಧವಾದ ದಿನ ಸಂದರ್ಶನದ ಭಯದ ಅರ್ಧ ಭಾಗ ಹೊರಟುಹೋಗುತ್ತದೆ ಎಂಬುದು ನನ್ನ ಅನುಭವ.

ಉತ್ತರ ಸತ್ಯವಾಗಿರಲಿ, ಚಿಕ್ಕದಾಗಿರಲಿ, ಮತ್ತು ಮುಂದಕ್ಕೆ ನೋಡುತ್ತಿರಲಿ. "ತಂದೆಯವರ ಅನಾರೋಗ್ಯದಿಂದಾಗಿ ಎರಡು ವರ್ಷ ಮನೆಯಲ್ಲಿದ್ದೆ. ಈಗ ಆ ಹೊಣೆ ಹಗುರವಾಗಿದೆ. ಕಳೆದ ಆರು ತಿಂಗಳಲ್ಲಿ ಲೆಕ್ಕಪತ್ರದ ಹೊಸ ತಂತ್ರಾಂಶವನ್ನು ಕಲಿತಿದ್ದೇನೆ" ಎಂದು ಹೇಳಿ ನಿಲ್ಲಿಸಿ. ನಿಲ್ಲಿಸುವುದೇ ಇಲ್ಲಿ ಕಷ್ಟದ ಭಾಗ. ತಪ್ಪಿತಸ್ಥ ಭಾವನೆಯಿಂದ ಮಾತನಾಡುವವರು ಮೂರನೆಯ ವಾಕ್ಯದ ನಂತರವೂ ಸಮರ್ಥನೆಗಳನ್ನು ಪೇರಿಸುತ್ತಾ ಹೋಗಿ, ಸಮಿತಿಗೆ ಇಲ್ಲದ ಅನುಮಾನವನ್ನು ತಾವೇ ಹುಟ್ಟಿಸುತ್ತಾರೆ. ಹಳೆಯ ಮೇಲಧಿಕಾರಿಯ ಬಗ್ಗೆ ಎಷ್ಟೇ ನ್ಯಾಯವಾದ ದೂರಿದ್ದರೂ ಅದನ್ನು ಅಲ್ಲಿ ಬಿಚ್ಚಬೇಡಿ. ಕೇಳುವವರಿಗೆ ಆ ಕಥೆಯ ಇನ್ನೊಂದು ಮಗ್ಗುಲು ತಿಳಿಯದು. ನಿಮ್ಮ ದೌರ್ಬಲ್ಯ ಯಾವುದೆಂದು ಕೇಳಿದಾಗ "ಅತಿಯಾಗಿ ದುಡಿಯುತ್ತೇನೆ" ಎಂಬಂಥ ಬಣ್ಣ ಬಳಿದ ಹೊಗಳಿಕೆ ಬೇಡ. ನಿಜವಾದ, ಆದರೆ ಆ ಕೆಲಸದ ಬುಡಕ್ಕೇ ಕೊಡಲಿ ಹಾಕದಂಥ ಒಂದು ಕೊರತೆಯನ್ನು ಹೇಳಿ, ಅದನ್ನು ಸರಿಪಡಿಸಲು ಏನು ಮಾಡುತ್ತಿದ್ದೀರಿ ಎಂಬುದನ್ನು ಜೊತೆಗೇ ಹೇಳಿ. ಸಂಬಳದ ಪ್ರಶ್ನೆಗೆ ನೀವು ಒಪ್ಪಬಹುದಾದ ಕನಿಷ್ಠ ಮೊತ್ತ ಮತ್ತು ಕೇಳಲಿರುವ ಮೊತ್ತ ಎರಡನ್ನೂ ಮನೆಯಲ್ಲೇ ನಿರ್ಧರಿಸಿ ಬನ್ನಿ, ಏಕೆಂದರೆ ಅಳುಕಿದ ಮನಸ್ಸು ಯಾವಾಗಲೂ ಕಡಿಮೆ ಮೊತ್ತವನ್ನೇ ಹೇಳುತ್ತದೆ.

ಹಿಂದಿನ ದಿನ ಮತ್ತು ಕಾಯುವ ಹೊತ್ತು

ಹಿಂದಿನ ಸಂಜೆ ಬಟ್ಟೆ, ಪ್ರಮಾಣಪತ್ರಗಳು, ರೆಸ್ಯೂಮೆಯ ಎರಡು ಪ್ರತಿಗಳು, ಹೋಗುವ ದಾರಿ, ಸಂಪರ್ಕಿಸಬೇಕಾದವರ ಫೋನ್ ಸಂಖ್ಯೆ ಎಲ್ಲವನ್ನೂ ಒಂದೆಡೆ ಸೇರಿಸಿಡಿ. ಹೊಸ ಬಟ್ಟೆಯೋ ಚಪ್ಪಲಿಯೋ ಇದ್ದರೆ ಮೊದಲೇ ಒಂದು ದಿನ ತೊಟ್ಟು ನೋಡಿರಿ. ರಾತ್ರಿ ಹೊಸದೇನನ್ನೂ ಓದಲು ಹೋಗಬೇಡಿ. ನಿದ್ದೆ ಸರಿಯಾಗಿ ಬಾರದಿದ್ದರೆ ಗಾಬರಿಯಾಗಬೇಡಿ. ಒಂದು ರಾತ್ರಿಯ ನಿದ್ದೆಗೇಡು ಪಳಗಿದ ಉತ್ತರವನ್ನು ಅಳಿಸಿಹಾಕುವುದಿಲ್ಲ. ಕಾಫಿ ಅಥವಾ ಟೀ ದಿನವೂ ಎಷ್ಟೋ ಅಷ್ಟೇ ಇರಲಿ. ಕೆಫೀನಿನ ಅರ್ಧ ಭಾಗ ರಕ್ತದಿಂದ ಇಳಿಯಲು ಸಾಧಾರಣವಾಗಿ ಐದು ಗಂಟೆ ಹಿಡಿಯುವುದರಿಂದ, ಧೈರ್ಯಕ್ಕೆಂದು ಕುಡಿದ ಹೆಚ್ಚುವರಿ ಲೋಟ ಸಂದರ್ಶನ ಮುಗಿಯುವವರೆಗೂ ಎದೆಬಡಿತವನ್ನು ಏರಿಸಿಯೇ ಇಟ್ಟಿರುತ್ತದೆ.

ನಿಗದಿತ ಸಮಯಕ್ಕೆ ಹದಿನೈದು ಇಪ್ಪತ್ತು ನಿಮಿಷ ಮೊದಲು ಅಲ್ಲಿರಿ. ಕಾಯುವ ಆ ಹೊತ್ತು ಬಹಳ ಜನರನ್ನು ಕಂಗೆಡಿಸುತ್ತದೆ, ಅದಕ್ಕೊಂದು ಕೆಲಸ ಕೊಡಬೇಕು. ಉಸಿರಾಟ ಅದಕ್ಕೆ ಸೂಕ್ತ. ಉಸಿರು ಒಳಗೆಳೆದಾಗ ಹೃದಯ ತುಸು ವೇಗವಾಗಿಯೂ ಹೊರಬಿಟ್ಟಾಗ ತುಸು ನಿಧಾನವಾಗಿಯೂ ಬಡಿಯುತ್ತದೆ. ಹೊರಬಿಡುವ ಹೊತ್ತಿನಲ್ಲಿ ವೇಗಸ್ ಎಂಬ ನರ ಹೃದಯದ ವೇಗಕ್ಕೆ ಕಡಿವಾಣ ಹಾಕುತ್ತದೆ. ಆದ್ದರಿಂದ ಹೊರಬಿಡುವ ಉಸಿರನ್ನು ಒಳಗೆಳೆಯುವುದಕ್ಕಿಂತ ಉದ್ದ ಮಾಡುವುದೇ ಇಲ್ಲಿನ ಗುಟ್ಟು. ಮೂಗಿನಿಂದ ಉಸಿರೆಳೆದು, ಅದರ ಮೇಲೆ ಇನ್ನೊಂದು ಚಿಕ್ಕ ಉಸಿರನ್ನು ಸೇರಿಸಿ, ಬಾಯಿಂದ ನಿಧಾನವಾಗಿ ಪೂರ್ತಿ ಹೊರಬಿಡುವ ಕ್ರಮವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಜನರಿಂದ ಮಾಡಿಸಿ, ಅವರ ಮನಃಸ್ಥಿತಿ ಸುಧಾರಿಸಿದ್ದನ್ನು 2023ರಲ್ಲಿ ಪ್ರಕಟಿಸಿತು. ಸಂದರ್ಶನದ ದಿನವೇ ಮೊದಲ ಬಾರಿಗೆ ಪ್ರಯತ್ನಿಸುವ ಬದಲು ಎರಡು ವಾರ ಮೊದಲೇ ಇದನ್ನು ಆರಂಭಿಸಿ.

ಆತಂಕ ಹೆಚ್ಚಿರುವವರಿಗೆ ಬರವಣಿಗೆಯೂ ನೆರವಾಗುತ್ತದೆ. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಚಿಂತೆಗಳನ್ನು ಕಾಗದದ ಮೇಲೆ ಬರೆದ ಆತಂಕಿತ ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದರೆಂದು ರಮೀರೆಜ್ ಮತ್ತು ಬೈಲಾಕ್ 2011ರಲ್ಲಿ ವರದಿ ಮಾಡಿದರು. ಮನೆ ಬಿಡುವ ಮುನ್ನ "ಏನು ಕೆಡಬಹುದೆಂದು ನನಗೆ ಹೆದರಿಕೆಯಾಗುತ್ತಿದೆ" ಎಂಬುದನ್ನು ಹಾಗೆಯೇ ಬರೆದು ಹಾಳೆಯನ್ನು ಮಡಿಸಿಟ್ಟು ಹೊರಡಬಹುದು. ಇನ್ನು ಸೊಂಟದ ಮೇಲೆ ಕೈಯಿಟ್ಟು ಎದೆಯುಬ್ಬಿಸಿ ಎರಡು ನಿಮಿಷ ನಿಂತರೆ ಹಾರ್ಮೋನುಗಳೇ ಬದಲಾಗುತ್ತವೆ ಎಂಬ ಮಾತು 2010ರ ಒಂದು ಸಣ್ಣ ಅಧ್ಯಯನದಿಂದ ಹೊರಟು ಜಗತ್ತೆಲ್ಲ ಹರಡಿತು. 2015ರಲ್ಲಿ 200 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಹಾರ್ಮೋನಿನ ಆ ಬದಲಾವಣೆ ಕಾಣಲಿಲ್ಲ, ಮತ್ತು ಮೂಲ ಅಧ್ಯಯನದ ಮೊದಲ ಲೇಖಕಿಯೇ 2016ರಲ್ಲಿ ಆ ಪರಿಣಾಮದಲ್ಲಿ ತಮಗೆ ನಂಬಿಕೆಯಿಲ್ಲವೆಂದು ಬಹಿರಂಗವಾಗಿ ಹೇಳಿದರು. ನೆಟ್ಟಗೆ ಕುಳಿತರೆ ಉಸಿರು ಸರಾಗವಾಗುತ್ತದೆ, ಧ್ವನಿ ಸ್ಪಷ್ಟವಾಗುತ್ತದೆ. ಭಂಗಿಯಿಂದ ಅದಕ್ಕಿಂತ ಹೆಚ್ಚಿನದನ್ನು ಬಯಸಬೇಡಿ.

"ಸಮಾಧಾನ, ಸಮಾಧಾನ" ಎಂದು ತಮಗೆ ತಾವೇ ಹೇಳಿಕೊಳ್ಳುವ ಅಭ್ಯಾಸವನ್ನೂ ಬಿಡುವುದು ಒಳ್ಳೆಯದು. ಓಡುತ್ತಿರುವ ಎದೆಗೆ ನಿಲ್ಲು ಎಂದರೆ ಅದು ನಿಲ್ಲುವುದಿಲ್ಲ, ಮತ್ತು ನಿಲ್ಲದಿರುವುದು ಹೊಸದೊಂದು ಭಯವನ್ನು ತರುತ್ತದೆ. ಆಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ "ನಾನು ಉತ್ಸುಕಳಾಗಿದ್ದೇನೆ" ಎಂಬರ್ಥದ ಮಾತು ಹೇಳಿಕೊಂಡವರು "ನಾನು ಶಾಂತವಾಗಿದ್ದೇನೆ" ಎಂದುಕೊಂಡವರಿಗಿಂತ ಚೆನ್ನಾಗಿ ಮಾತನಾಡಿದರು. ಉತ್ಸಾಹಕ್ಕೂ ಭಯಕ್ಕೂ ದೇಹದಲ್ಲಿ ಎದೆಬಡಿತ ಒಂದೇ ಬಗೆಯದು. ಅದಕ್ಕೆ ಕೊಡುವ ಹೆಸರನ್ನು ಬದಲಿಸುವುದು ಎದೆಬಡಿತವನ್ನು ನಿಲ್ಲಿಸುವುದಕ್ಕಿಂತ ಸುಲಭ.

ಕೋಣೆಯ ಒಳಗೆ

ನಿಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆ ಎಂದು ನಿಮಗೆ ಅನ್ನಿಸುತ್ತದೆ. ಅದು ಬಹುಮಟ್ಟಿಗೆ ಭ್ರಮೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಅವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಜುಗರ ತರುವ ಚಿತ್ರವಿರುವ ಅಂಗಿ ತೊಟ್ಟು ಕೋಣೆಗೆ ಹೋದ ವಿದ್ಯಾರ್ಥಿಗಳು ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆಂದು ಊಹಿಸಿದರು. ನಿಜಕ್ಕೂ ಗಮನಿಸಿದವರು ಸುಮಾರು ಕಾಲು ಭಾಗ ಮಾತ್ರ. 2003ರಲ್ಲಿ ಅವರೇ ಸಹೋದ್ಯೋಗಿಯೊಬ್ಬರೊಂದಿಗೆ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಒಳಗಿನ ಆತಂಕ ಹೊರಗೆ ಅಷ್ಟಾಗಿ ಕಾಣುವುದಿಲ್ಲವೆಂಬ ಸಂಗತಿಯನ್ನು ಮೊದಲೇ ತಿಳಿಸಿದ ಭಾಷಣಕಾರರು ಆ ತಿಳಿವಳಿಕೆಯ ಬಲದಿಂದಲೇ ಉತ್ತಮವಾಗಿ ಮಾತನಾಡಿದರು. ಸಮಿತಿಯಲ್ಲಿ ಕುಳಿತಾಗ ನನಗೂ ಇದು ಮತ್ತೆ ಮತ್ತೆ ಕಂಡಿದೆ: ಆ ಬದಿಯಲ್ಲಿ ಕುಳಿತವರ ತಲೆಯಲ್ಲಿ ಮುಂದಿನ ಪ್ರಶ್ನೆ, ಅಂಕದ ಹಾಳೆ, ಮಿತಿಮೀರುತ್ತಿರುವ ಸಮಯ ಇವೇ ತುಂಬಿರುತ್ತವೆ.

ಸಂದರ್ಶಕರ ಭಾವನೆಯಿಲ್ಲದ ಮುಖವನ್ನು ನಿಮ್ಮ ಮೇಲಿನ ತೀರ್ಪೆಂದು ಓದಬೇಡಿ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳಿ, ಪೂರ್ವನಿಗದಿತ ಮಾನದಂಡದಂತೆ ಅಂಕ ಕೊಡುವ ಪದ್ಧತಿ ಅನೇಕ ಸಂಸ್ಥೆಗಳಲ್ಲಿದೆ. ಅಂಥಲ್ಲಿ ಯಾರಿಗೂ ಹೆಚ್ಚು ಪ್ರೋತ್ಸಾಹ ಕೊಡಬಾರದೆಂದು ಸಂದರ್ಶಕರು ತಲೆಯಾಡಿಸುವುದನ್ನೂ ನಿಯಂತ್ರಿಸಿಕೊಳ್ಳುತ್ತಾರೆ, ಉತ್ತರದ ನಡುವೆಯೇ ತಲೆ ತಗ್ಗಿಸಿ ಬರೆಯತೊಡಗುತ್ತಾರೆ. ಬರೆಯುತ್ತಿದ್ದಾರೆಂದರೆ ನೀವು ಬರೆದುಕೊಳ್ಳಬೇಕಾದ ಏನನ್ನೋ ಹೇಳಿದ್ದೀರಿ.

ಪ್ರಶ್ನೆಯನ್ನು ಕೊನೆಯವರೆಗೂ ಕೇಳಿ. ಇದು ಸಣ್ಣ ಸೂಚನೆಯಂತೆ ಕಂಡರೂ ಕೋಣೆಯೊಳಗೆ ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಬಲವಾದದ್ದು ನನಗೆ ತಿಳಿದಿಲ್ಲ. ಅಳುಕಿದ ಮನಸ್ಸು ತನ್ನನ್ನೇ ನೋಡಿಕೊಳ್ಳುತ್ತಿರುತ್ತದೆ, ಕೈ ಎಲ್ಲಿದೆ, ಧ್ವನಿ ಹೇಗಿದೆ, ಹಿಂದಿನ ಉತ್ತರ ಕೆಟ್ಟಿತೇ ಎಂದು. ಎದುರಿನವರ ಪ್ರಶ್ನೆಯ ಒಂದೊಂದು ಪದವನ್ನೂ ಹಿಡಿಯಲು ಹೊರಟಾಗ ಗಮನ ಅಲ್ಲಿಂದ ಕಳಚಿ ಹೊರಗೆ ಬರುತ್ತದೆ. ಪ್ರಶ್ನೆ ಮುಗಿದ ಮೇಲೆ ಎರಡು ಮೂರು ಸೆಕೆಂಡು ಸುಮ್ಮನಿರಿ. ಸಾಮಾನ್ಯ ಮಾತುಕತೆಯಲ್ಲಿ ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟೇ ಎಂದು ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದು ತೋರಿಸಿದೆ. ಆ ಅಭ್ಯಾಸದಿಂದಾಗಿ ಮೂರು ಸೆಕೆಂಡಿನ ಮೌನ ನಮಗೆ ಯುಗದಂತೆ ಭಾಸವಾಗುತ್ತದೆ. ಎದುರಿನವರಿಗೆ ಅದು ಯೋಚಿಸಿ ಮಾತನಾಡುವವರ ಲಕ್ಷಣವಾಗಿ ಕಾಣುತ್ತದೆ. ಇನ್ನೂ ಸಮಯ ಬೇಕಿದ್ದರೆ "ಒಂದು ಕ್ಷಣ ಯೋಚಿಸಿ ಹೇಳುತ್ತೇನೆ" ಎಂದು ಹೇಳುವುದರಲ್ಲಿ ಯಾವ ಕುಂದೂ ಇಲ್ಲ.

ಮನಸ್ಸು ಪೂರ್ತಿ ಖಾಲಿಯಾದರೆ ಏನು ಮಾಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಿ, ಏಕೆಂದರೆ ಆ ಕ್ಷಣದಲ್ಲಿ ಹೊಸ ಉಪಾಯ ಹೊಳೆಯುವುದಿಲ್ಲ. ನನ್ನ ಕ್ರಮ ಹೀಗಿದೆ: ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿಯುವುದು, ಉಸಿರನ್ನು ಪೂರ್ತಿ ಹೊರಬಿಡುವುದು, ಪ್ರಶ್ನೆಯನ್ನು ನನ್ನದೇ ಮಾತಿನಲ್ಲಿ ಮರಳಿ ಹೇಳಿ "ನೀವು ಕೇಳುತ್ತಿರುವುದು ಇದೇ ಅಲ್ಲವೇ" ಎಂದು ಖಚಿತಪಡಿಸಿಕೊಳ್ಳುವುದು. ಹಾಗೆ ಮರಳಿ ಹೇಳುವಾಗಲೇ ಹೆಚ್ಚಿನ ಸಲ ಉತ್ತರದ ತುದಿ ಕೈಗೆ ಸಿಗುತ್ತದೆ. ಆರಂಭಿಸಿದ ಉತ್ತರ ದಾರಿ ತಪ್ಪಿದರೆ "ಇದನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಲು ಪ್ರಯತ್ನಿಸುತ್ತೇನೆ" ಎಂದು ಮತ್ತೆ ಆರಂಭಿಸಬಹುದು. ವಿಷಯ ನಿಜಕ್ಕೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ, ಆದರೆ ಅಲ್ಲಿಗೇ ನಿಲ್ಲಿಸದೆ ಅದನ್ನು ಹೇಗೆ ತಿಳಿದುಕೊಳ್ಳುತ್ತೀರಿ, ಅದಕ್ಕೆ ಹತ್ತಿರದ ಯಾವ ವಿಷಯ ನಿಮಗೆ ಗೊತ್ತಿದೆ ಎಂಬುದನ್ನೂ ಸೇರಿಸಿ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳಹೊರಟವರು ಮುಂದಿನ ಮೂರು ಪ್ರಶ್ನೆಗಳನ್ನೂ ಕಳೆದುಕೊಳ್ಳುತ್ತಾರೆ.

ವಿಡಿಯೊ ಸಂದರ್ಶನದಲ್ಲಿ ಪರದೆಯ ಮೇಲೆ ಕಾಣುವ ನಿಮ್ಮದೇ ಚಿತ್ರವನ್ನು ಮರೆಮಾಡಿ, ಏಕೆಂದರೆ ಅದು ಗಮನವನ್ನು ಮತ್ತೆ ನಿಮ್ಮತ್ತಲೇ ಎಳೆಯುತ್ತದೆ. ಬೆಳಕು ಮುಖದ ಮುಂದಿನಿಂದ ಬರಲಿ, ಸಂಪರ್ಕ ಕಡಿದರೆ ಕರೆ ಮಾಡಬೇಕಾದ ಸಂಖ್ಯೆ ಪಕ್ಕದಲ್ಲಿರಲಿ. ಘಟನೆಗಳ ಹೆಸರುಗಳನ್ನಷ್ಟೇ ಬರೆದ ಒಂದು ಚೀಟಿಯನ್ನು ಕ್ಯಾಮೆರಾದ ಹತ್ತಿರ ಅಂಟಿಸಿಕೊಳ್ಳಬಹುದು.

ಕೊನೆಗೆ "ನಿಮಗೆ ಏನಾದರೂ ಕೇಳುವುದಿದೆಯೇ" ಎಂದಾಗ ಇಲ್ಲವೆನ್ನಬೇಡಿ. ಈ ಹುದ್ದೆಯಲ್ಲಿ ಮೊದಲ ಮೂರು ತಿಂಗಳಲ್ಲಿ ಏನನ್ನು ನಿರೀಕ್ಷಿಸುತ್ತೀರಿ, ಹಿಂದೆ ಈ ಕೆಲಸದಲ್ಲಿದ್ದವರಿಗೆ ಕಷ್ಟವೆನಿಸಿದ್ದು ಯಾವುದು, ಕೆಲಸವನ್ನು ಹೇಗೆ ಅಳೆಯುತ್ತೀರಿ ಎಂಬಂಥ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರೆದುಕೊಳ್ಳಿ. ನೀವೂ ಅವರನ್ನು ಅಳೆಯುತ್ತಿದ್ದೀರಿ, ಆ ಸಂಸ್ಥೆಯಲ್ಲಿ ನಿಮ್ಮ ವರ್ಷಗಳನ್ನು ಕಳೆಯಬೇಕೇ ಎಂದು ನಿರ್ಧರಿಸುವುದು ನಿಮಗೂ ಸೇರಿದ್ದು.

ಅಳುಕು ಮಿತಿ ಮೀರಿದಾಗ

ಸಂದರ್ಶನದ ಪತ್ರ ಬಂದ ದಿನದಿಂದ ಊಟ ಸೇರದಿರುವುದು, ಬಾಗಿಲವರೆಗೆ ಹೋಗಿ ಹಿಂದಿರುಗಿ ಬರುವುದು, ಜನರ ಎದುರು ಮಾತನಾಡಬೇಕಾದ ಎಲ್ಲ ಸಂದರ್ಭಗಳಿಂದಲೂ ತಪ್ಪಿಸಿಕೊಳ್ಳುವುದು, ಇಂಥವು ತಿಂಗಳುಗಟ್ಟಲೆ ಮುಂದುವರಿದಿದ್ದರೆ ಅದನ್ನು ಅಭ್ಯಾಸದಿಂದಷ್ಟೇ ಗೆಲ್ಲಲು ಹೊರಡಬೇಡಿ. ಸಾಮಾಜಿಕ ಆತಂಕ ಗುರುತಿಸಬಹುದಾದ, ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ತೊಂದರೆ. ಆಲೋಚನೆ ಮತ್ತು ವರ್ತನೆಗಳನ್ನು ಹಂತ ಹಂತವಾಗಿ ಬದಲಿಸುವ ಮಾತಿನ ಚಿಕಿತ್ಸೆಯಿಂದ ಬಹಳ ಜನ ಗುಣ ಕಂಡಿದ್ದಾರೆ. ಎದೆಬಡಿತ ಮತ್ತು ನಡುಕವನ್ನು ತಗ್ಗಿಸುವ ಪ್ರೊಪ್ರನೊಲಾಲ್ ಎಂಬ ಮಾತ್ರೆಯನ್ನು ಕೆಲವರು ಗೆಳೆಯರಿಂದ ಪಡೆದು ನುಂಗುತ್ತಾರೆ. ಆಸ್ತಮಾ ಇರುವವರಿಗೆ ಅದು ಅಪಾಯಕಾರಿ, ಆದ್ದರಿಂದ ವೈದ್ಯರು ಪರೀಕ್ಷಿಸಿ ಬರೆದುಕೊಡದೆ ಅದನ್ನು ಮುಟ್ಟಬೇಡಿ.

ಮುಗಿದ ಮೇಲೆ

ಹೊರಗೆ ಬಂದ ಅರ್ಧ ಗಂಟೆಯೊಳಗೆ, ಯಾರೊಂದಿಗಾದರೂ ಮಾತನಾಡುವ ಮೊದಲೇ, ಕೇಳಿದ ಪ್ರಶ್ನೆಗಳನ್ನೆಲ್ಲ ಕ್ರಮವಾಗಿ ಬರೆದುಕೊಳ್ಳಿ. ಯಾವುದಕ್ಕೆ ಉತ್ತರ ಸಲೀಸಾಗಿ ಬಂತು, ಯಾವುದಕ್ಕೆ ಘಟನೆ ಸಿಗದೆ ಒದ್ದಾಡಿದಿರಿ ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಿ. ಆ ದಿನಕ್ಕೆ ಅಷ್ಟು ಸಾಕು. ಫಲಿತಾಂಶವನ್ನು ಊಹಿಸಲು ಪ್ರತಿ ಮಾತನ್ನೂ ಮತ್ತೆ ಮತ್ತೆ ತಿರುವಿಹಾಕುವುದರಿಂದ ನಿದ್ದೆ ಹಾಳಾಗುವುದಲ್ಲದೆ ಬೇರೇನೂ ಆಗದು. ಒಂದು ಹುದ್ದೆಗೆ ಹಲವರು ಬಂದಾಗ ಚೆನ್ನಾಗಿ ಉತ್ತರಿಸಿದವರಲ್ಲೂ ಹೆಚ್ಚಿನವರಿಗೆ ಅದು ಸಿಗುವುದಿಲ್ಲ ಎಂಬುದನ್ನು ಸಮಿತಿಯಲ್ಲಿ ಕುಳಿತವಳಾಗಿ ನಾನು ಖಂಡಿತವಾಗಿ ಹೇಳಬಲ್ಲೆ. ಎರಡನೆಯ ಸ್ಥಾನದಲ್ಲಿದ್ದವರ ಹೆಸರನ್ನು ಬಿಡಲು ನಾವು ಎಷ್ಟು ಹೊತ್ತು ತಡಕಾಡಿದೆವೆಂಬುದು ಅವರಿಗೆ ಎಂದೂ ತಿಳಿಯುವುದಿಲ್ಲ. ಆಯ್ಕೆಯಾಗಲಿಲ್ಲವೆಂಬ ಪತ್ರ ಬಂದರೆ, ಯಾವ ಅಂಶವನ್ನು ಸುಧಾರಿಸಿಕೊಳ್ಳಬಹುದೆಂದು ಎರಡು ಸಾಲಿನಲ್ಲಿ ವಿನಯದಿಂದ ಕೇಳಿ ಬರೆಯಿರಿ. ಕೆಲವರು ಉತ್ತರಿಸುತ್ತಾರೆ. ಘಟನೆ ಸಿಗದೆ ಒದ್ದಾಡಿದ ಪ್ರಶ್ನೆಯ ಎದುರು ಈ ವಾರವೇ ಒಂದು ಘಟನೆಯನ್ನು ಹುಡುಕಿ ಬರೆದು, ಹಾಳೆ ಮಗುಚಿಟ್ಟು, ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ.